ಡೆಸ್ಕ್‌ಟಾಪ್‌ಗೆ ಬ್ಲೂಟೂತ್ ಡಾಂಗಲ್: 5.0 ಸಾಕಾ, 5.3 ಬೇಕಾ?

ಡಾಂಗಲ್ ಅಂದ್ರೆ ಕಂಪ್ಯೂಟರ್‌ಗೆ ಬ್ಲೂಟೂತ್ ಕೊಡೋ ಪುಟ್ಟ ಯುಎಸ್‌ಬಿ ಕಡ್ಡಿ. 5.0, 5.3 ಅನ್ನೋದು ಬ್ಲೂಟೂತ್ ಆವೃತ್ತಿಯ ಅಂಕಿ. ಹೆಡ್‌ಫೋನ್, ಮೌಸ್, ಕೀಬೋರ್ಡ್‌ಗೆ ಅಂದ್ರೆ 5.0 ಸಾಕು. ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

2016ರಲ್ಲಿ 5.0 ಬಂದಾಗ "ಎರಡು ಪಟ್ಟು ವೇಗ, ನಾಲ್ಕು ಪಟ್ಟು ದೂರ" ಅಂತ ಹೇಳಿದ್ದು ಲೋ ಎನರ್ಜಿ ಬಗ್ಗೆ. ಅಂದರೆ ಬ್ಯಾಟರಿ ಉಳಿಸಲೆಂದೇ ಮಾಡಿದ ಬ್ಲೂಟೂತ್. ಸಾಮಾನ್ಯ ಹೆಡ್‌ಫೋನ್‌ಗೆ ಹಾಡು ಹೋಗುವುದು ಹಳೆಯ ಕ್ಲಾಸಿಕ್ ಬ್ಲೂಟೂತ್‌ನಲ್ಲಿ. ಅದರ ವೇಗ ಈಗಲೂ ಸೆಕೆಂಡಿಗೆ ಹೆಚ್ಚೆಂದರೆ 3 ಮೆಗಾಬಿಟ್. ಡಬ್ಬಿಯ ಮೇಲಿನ ಅಂಕಿ ಬದಲಾದ ಮಾತ್ರಕ್ಕೆ ಸದ್ದು ಚೆನ್ನಾಗಾಗಲ್ಲ. ಲೋ ಎನರ್ಜಿಯಲ್ಲೇ ಹಾಡು ಕಳಿಸುವ ಎಲ್‌ಇ ಆಡಿಯೊ ಎಂಬ ಹೊಸ ವಿಧಾನವೇ ಬೇಕಿದ್ದರೆ ಮಾತ್ರ ಮಾತು ಬೇರೆ. ಅದಕ್ಕೆ 5.2 ಅಥವಾ ಮೇಲಿನದು ಬೇಕು. ಹೆಡ್‌ಫೋನ್, ವಿಂಡೋಸ್ ಎರಡರಲ್ಲೂ ಆ ಸೌಲಭ್ಯ ಇರಬೇಕು.

ನನ್ನ ಕೇಳಿದರೆ, ಡಾಂಗಲ್ ಎಲ್ಲಿ ಚುಚ್ಚುತ್ತೀರಿ ಅನ್ನೋದೇ ದೊಡ್ಡ ವಿಷಯ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಯುಎಸ್‌ಬಿ 3.0 ಪೋರ್ಟ್ ಕೆಲಸ ಮಾಡುವಾಗ ಅದೇ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೊ ಗದ್ದಲ ಎಬ್ಬಿಸುತ್ತದೆ. ಪಕ್ಕದ ನೀಲಿ (ಯುಎಸ್‌ಬಿ 3.0) ಪೋರ್ಟ್‌ನ ಹಾರ್ಡ್ ಡಿಸ್ಕ್‌ಗೆ ಸಿನಿಮಾ ಕಾಪಿ ಮಾಡಿ ನೋಡಿ, ಹಾಡು ಕಡಿದು ಕಡಿದು ಬರಬಹುದು. ಕ್ಯಾಬಿನೆಟ್ ಹಿಂದೆ ಚುಚ್ಚಿದರೆ ತಗಡೂ ಅಡ್ಡ ಬರುತ್ತದೆ ಅಲ್ವಾ? ಒಂದು ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲ್ಲನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ.