ಪಾಯ ತೋಡುವ ಮುಂಚೆ ಪಹಣಿ ಓದಿ

ಪ್ರಶ್ನೆ: ಬೇಲೂರು ತಾಲ್ಲೂಕಿನಲ್ಲಿ ನಮ್ಮದು 1 ಎಕರೆ 10 ಗುಂಟೆ ಕಾಫಿ ತೋಟ ಇದೆ. ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದೆ. ಊರೊಳಗಿನ ಹಳೇ ಮನೆ ಸೋರುತ್ತದೆ. ಮಳೆ ಹಿಡಿಯುವ ಮುಂಚೆ ತೋಟದ ಮೂಲೆಯಲ್ಲಿ ಅಮ್ಮನಿಗೂ ನನಗೂ ನಾಲ್ಕು ಚದರದ ಮನೆ ಕಟ್ಟಬೇಕು ಅಂತಿದ್ದೇನೆ. ಅಕ್ಕನಿಗೆ ಮದುವೆಯಾಗಿದೆ. "ಸ್ವಂತ ಜಮೀನು, ಚಿಕ್ಕ ಮನೆ. ಲೈಸೆನ್ಸ್ ಯಾಕೆ? ಸುಮ್ನೆ ಪಾಯ ಹಾಕು" ಅಂತಾರೆ ಮೇಸ್ತ್ರಿ. ನಿಜಾನಾ ಸರ್? ಏನೇನು ಕಾಗದ ಬೇಕು?

– ಒಬ್ಬ ಓದುಗ

ಉತ್ತರ: ನಿಮ್ಮ ಮೇಸ್ತ್ರಿ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಆ ಅರ್ಧವನ್ನೇ ನಂಬಿ ಕೆಟ್ಟವರನ್ನು ನಾನು ತುಂಬಾ ನೋಡಿದ್ದೇನೆ. ಹಾಸನದಲ್ಲಿ ಇಪ್ಪತ್ತೆಂಟು ವರ್ಷ ಪತ್ರ ಬರಹಗಾರನಾಗಿದ್ದೆ. ಇಂಥ ಮನೆಗಳ ಜಗಳ ನನ್ನ ಮೇಜಿನ ಮುಂದೆಯೇ ಬರುತ್ತಿತ್ತು.

ನಿಜ ಇರುವ ಅರ್ಧ ಇದು. 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ, ವ್ಯವಸಾಯದ ಅನುಕೂಲಕ್ಕೆ ರೈತ ತನ್ನ ಜಮೀನಿನಲ್ಲಿ ತೋಟದ ಮನೆ ಕಟ್ಟಿಕೊಳ್ಳಬಹುದು. ಅದಕ್ಕೆ ಭೂ ಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸುವ ಆದೇಶ, ಬೇಡ. ಹಿಡುವಳಿಯ ನೂರಕ್ಕೆ 10 ಭಾಗ ಮೀರಬಾರದು. ನಿಮ್ಮದು 50 ಗುಂಟೆ, ಅಂದರೆ 5 ಗುಂಟೆ ತನಕ. ಗುಂಟೆಗೆ 1,089 ಚದರಡಿ. ನಿಮ್ಮ 400 ಚದರಡಿ ಮನೆಗೆ ಧಾರಾಳವಾಯಿತು.

ಆದರೆ ಪರಿವರ್ತನೆ ಬೇಡ ಅಂದರೆ ಪಂಚಾಯ್ತಿ ಬೇಡ ಅಂತಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್ ಇದೆ. ಗ್ರಾಮ ಪಂಚಾಯ್ತಿ ವ್ಯಾಪ್ತಿಯಲ್ಲಿ ಮನೆ ಕಟ್ಟಲು ಅವರ ಅನುಮತಿ ಬೇಕು. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಅರ್ಜಿ, ಪಹಣಿ, ಮನೆಯ ನಕ್ಷೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ನೆಚ್ಚಿಕೊಳ್ಳಬೇಡಿ.

ಇದಕ್ಕಿಂತ ಮುಂಚಿನ ಕೆಲಸ ನಿಮ್ಮ ಹೆಸರಿನದು. ಸತ್ತವರ ಹೆಸರಿನ ಪಹಣಿ ಹಿಡಿದು ಯಾವ ಅನುಮತಿ ಕೇಳ್ತೀರಿ? ಅಪ್ಪನ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಇಟ್ಟು ಪೌತಿ ಖಾತೆಗೆ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಿ. ವಂಶವೃಕ್ಷದಲ್ಲಿ ಅಕ್ಕನ ಹೆಸರು ಬಿಡಬೇಡಿ. ಮದುವೆಯಾದರೂ ಅವರಿಗೆ ಸಮಭಾಗ ಇದೆ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲಂತೂ ಅನುಮಾನವೇ ಬೇಡ. ಮೂಲೆ ನಿಮ್ಮದೇ ಆಗಬೇಕಿದ್ದರೆ ಮೂವರೂ ಕೂತು ಮಾತಾಡಿ, ವಿಭಾಗ ಪತ್ರ ರಿಜಿಸ್ಟರ್ ಮಾಡಿಸಿ. ಸರ್ವೆ ನಂಬರನ್ನು ತುಂಡು ಮಾಡುವುದಾದರೆ ಸರ್ವೆ ಇಲಾಖೆಯ 11ಇ ನಕ್ಷೆ (ತುಂಡುಗಳನ್ನು ಅಳೆದು ತೋರಿಸುವ ನಕ್ಷೆ) ಬೇಕಾಗುತ್ತದೆ. ಅಕ್ಕನ ಹೆಸರು ಮುಚ್ಚಿಟ್ಟು ಕಟ್ಟಿದ ಮನೆಯಲ್ಲಿ ನಿಮ್ಮ ಅಮ್ಮ ನೆಮ್ಮದಿಯಿಂದ ಇರುತ್ತಾರಾ?

ಆಮೇಲೆ ಪಹಣಿಯನ್ನು ನಿಧಾನವಾಗಿ ಓದಿ. 11ನೇ ಕಲಂನಲ್ಲಿ ಅಪ್ಪನ ಹಳೇ ಸಾಲ ಕೂತಿರಬಹುದು. 3ನೇ ಕಲಂನಲ್ಲಿ 'ಬಿ ಖರಾಬು' ಅಂತ ಎಷ್ಟು ಗುಂಟೆ ಬರೆದಿದೆ ನೋಡಿ. ಅದು ದಾರಿ, ಹಳ್ಳದಂಥ ಸಾರ್ವಜನಿಕ ಜಾಗ. ಎಷ್ಟು ಅಂತ ಪಹಣಿ ಹೇಳುತ್ತದೆ. ಎಲ್ಲಿ ಅಂತ ಅಳತೆ ಮಾಡಿದರೇ ಗೊತ್ತಾಗುವುದು.

ನನ್ನ ತಮ್ಮ ಆಲೂರು ಕಡೆ ಮನೆ ಕಟ್ಟಿದಾಗ ಪಹಣಿಯಲ್ಲಿ ಅವನ ಹೆಸರು ಸರಿಯಾಗೇ ಇತ್ತು. ಅಳತೆ ಮಾತ್ರ ಮಾಡಿಸಿರಲಿಲ್ಲ. ಮೂರು ವರ್ಷದ ಮೇಲೆ ಪಕ್ಕದ ಜಮೀನಿನವರು ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿದರು. ಲಂಟಾನ ಪೊದೆ ಕಡಿದಾಗ ಬಾಂದುಕಲ್ಲು ಸಿಕ್ಕಿತು. ಅಲ್ಲಿಂದ ಚೈನ್ ಎಳೆದರೆ ಅದು ನೇರ ಅಡುಗೆಮನೆಗೆ ಬಂತು. ಹಳೇ ಬಂಡಿದಾರಿ, ಬಿ ಖರಾಬು. ಒಲೆಕಟ್ಟೆಯಿಂದ ಹಿತ್ತಲ ಬಾಗಿಲ ತನಕ ಕೆಂಪು ನೆಲದ ಮೇಲೆ ಸುಣ್ಣದ ಗೆರೆ ಹಾಕಿದರು. ತಮ್ಮನ ಹೆಂಡತಿ ಆ ಗೆರೆ ತುಳಿಯದ ಹಾಗೆ ಸೀರೆ ಎತ್ತಿಕೊಂಡು ದಾಟಿ, ಅಳೆಯೋಕೆ ಬಂದವರಿಗೆ ಕಾಫಿ ಕೊಟ್ಟರು. ಅಡುಗೆಮನೆ ಕೆಡವಬೇಕಾಯಿತು. ಪಾಯಕ್ಕೆ ಮುಂಚೆ ಅಳತೆ ಮಾಡಿಸು ಅಂತ ನಾನೇ ಹೇಳಬೇಕಿತ್ತು. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ: ಹದ್ದುಬಸ್ತು ಮಾಡಿಸಿ, ಕಲ್ಲು ನೆಡಿಸಿ, ಆಮೇಲೆ ದಾರ ಕಟ್ಟಿ.

ಜಮೀನು ದರಖಾಸ್ತಿನಲ್ಲಿ, ಅಂದರೆ ಸರ್ಕಾರದ ಮಂಜೂರಾತಿಯಲ್ಲಿ, ಬಂದಿದ್ದರೆ ಆ ಮಂಜೂರಾತಿಯ ಸಾಗುವಳಿ ಚೀಟಿ ಹುಡುಕಿ, ಅದರ ಷರತ್ತು ಓದಿ. ಇನ್ನೊಂದು ಮಾತು. ಪರಿವರ್ತನೆಯಾಗದ ತೋಟದ ಮನೆಗೆ ಗ್ರಾಮಠಾಣೆ (ಊರೊಳಗಿನ ವಾಸದ ಜಾಗ) ಮನೆಯ ಹಾಗೆ ಇ-ಸ್ವತ್ತಿನ ನಮೂನೆ 9 (ಪಂಚಾಯ್ತಿ ಕೊಡುವ ಆಸ್ತಿ ದಾಖಲೆ) ಸಿಗುತ್ತದೆ ಅಂತ ನಂಬಿ ಬ್ಯಾಂಕ್ ಸಾಲದ ಲೆಕ್ಕ ಹಾಕಬೇಡಿ.

ಇದೆಲ್ಲ ಮಳೆಗೆ ಮುಂಚೆ ಮುಗಿಯುವುದು ಕಷ್ಟ. ಇಟ್ಟಿಗೆ ಇಳಿಸುವುದನ್ನು ತಡೆಯಿರಿ. ಅದೇ ಮೇಸ್ತ್ರಿಯನ್ನು ಕರೆದು ಈ ವರ್ಷಕ್ಕೆ ಹಳೇ ಮನೆಯ ಹಂಚು ಕೈಯಾಡಿಸಿ, ಒಡೆದದ್ದು ಬದಲಾಯಿಸಿ, ಅಮ್ಮ ಮಲಗುವ ಕಡೆ ಮೊದಲು. ನಾಡಕಚೇರಿಗೆ ಹೋಗುವ ದಿನ ಅಕ್ಕನಿಗೂ ಬರಹೇಳಿ.