ಅಮ್ಮನಿಗೆ ಓಸಿಡಿ: ಐದು ವಾರ ಮಾತ್ರೆ ತಗೊಂಡರೂ ಕಡಿಮೆಯಾಗಿಲ್ಲ, ನಿಲ್ಲಿಸಬಹುದಾ?

ದಯವಿಟ್ಟು ನಿಲ್ಲಿಸಬೇಡಿ. ಅಮ್ಮನ ತೊಳೆಯುವ ಗೀಳು ಓಸಿಡಿ, ಅಂದರೆ ಬೇಡದ ಯೋಚನೆ ಮತ್ತೆ ಮತ್ತೆ ಕಾಡಿ, ಅದನ್ನು ಅಡಗಿಸಲು ಒಂದೇ ಕೆಲಸವನ್ನು ಪದೇ ಪದೇ ಮಾಡಿಸುವ ಕಾಯಿಲೆ. ನೀವು ಬರೆದಂತೆ ಅವರು ತಗೊಂಡಿರುವುದು ದಿನಕ್ಕೆ 50 ಮಿಲಿಗ್ರಾಂ ಸರ್ಟ್ರಲಿನ್ ಮಾತ್ರೆ, ಅದೂ ಐದೇ ವಾರ. ಓಸಿಡಿಯಲ್ಲಿ ಇಷ್ಟರಿಂದ ‘ಮಾತ್ರೆ ನಾಟಲಿಲ್ಲ’ ಎಂದು ತೀರ್ಮಾನಿಸಲಾಗದು. ಖಿನ್ನತೆಗಿಂತ ಇದಕ್ಕೆ ಸಾಮಾನ್ಯವಾಗಿ ಹೆಚ್ಚು ಪ್ರಮಾಣ ಬೇಕು. ಸರ್ಟ್ರಲಿನ್ ಆದರೆ 200ರವರೆಗೆ, ಅದೇ ಗುಂಪಿನ ಫ್ಲೂಆಕ್ಸೆಟಿನ್ ಆದರೆ 60–80ರವರೆಗೆ ವೈದ್ಯರು ಹಂತಹಂತವಾಗಿ ಏರಿಸುತ್ತಾರೆ. ಒಟ್ಟು 8ರಿಂದ 12 ವಾರ ಕಾಯಬೇಕು, ಅದರಲ್ಲಿ ನಾಲ್ಕಾರು ವಾರವಾದರೂ ದೇಹ ತಡೆಯುವಷ್ಟು ಪೂರ್ಣ ಪ್ರಮಾಣದಲ್ಲಿ. ಮೊದಮೊದಲು ವಾಕರಿಕೆ, ಹೊಟ್ಟೆ ಕೆಡುವುದು, ನಿದ್ದೆ ಏರುಪೇರಾಗುವುದು ಉಂಟು. ಬಹಳ ಜನ ಅಲ್ಲೇ ಕೈಬಿಡುತ್ತಾರೆ. ನೀವಾಗಿಯೇ ಏರಿಸುವುದೂ ಬೇಡ, ಥಟ್ಟನೆ ನಿಲ್ಲಿಸುವುದೂ ಬೇಡ.

‘ಅಮ್ಮನಿಗೆ ಮೊದಲಿಂದಲೂ ಮಡಿ ಜಾಸ್ತಿ’ ಎಂದಿದ್ದೀರಿ. ಮಡಿಯವರಿಗೆ ಸ್ನಾನ ಮುಗಿದರೆ ಮುಗಿಯಿತು, ಪೂಜೆಗೋ ಅಡುಗೆಗೋ ಹೋಗುತ್ತಾರೆ. ಓಸಿಡಿಯಲ್ಲಿ ಆ ಸಮಾಧಾನ ಬರುವುದಿಲ್ಲ. ಬಂದರೂ ಸ್ವಲ್ಪ ಹೊತ್ತಿಗೆ ಮತ್ತೆ ಅನುಮಾನ. ಅತಿಯಾಯಿತು ಎಂದು ಹೆಚ್ಚಿನವರಿಗೆ ತಮಗೇ ಗೊತ್ತಿರುತ್ತದೆ, ಹಾಗಾಗಿ ಬುದ್ಧಿ ಹೇಳಿ ಬಿಡಿಸಲು ಆಗುವುದಿಲ್ಲ.

ಮಾತ್ರೆಯಷ್ಟೇ ಮುಖ್ಯ ಇಆರ್‌ಪಿ ಎಂಬ ಮನೋಚಿಕಿತ್ಸೆ. ಕಳವಳ ತರುವುದನ್ನು ಬೇಕೆಂದೇ ಎದುರಿಸಿ, ತೊಳೆಯದೆ ಇರುವ ಅಭ್ಯಾಸ ಇದು. ನಿಮ್ಮ ವೈದ್ಯರು ಇದನ್ನು ಹೇಳಿಲ್ಲವಾದರೆ ನೀವೇ ಕೇಳಿ. ಚಿಕಿತ್ಸಕರು ಮೊದಲು ಅಮ್ಮನ ಜೊತೆ ಕೂತು, ಮುಟ್ಟಲು ಕಳವಳವಾಗುವ ವಸ್ತುಗಳ ಪಟ್ಟಿ ಮಾಡಿ, ಒಂದೊಂದಕ್ಕೂ ನೂರಕ್ಕೆ ಇಷ್ಟು ಎಂದು ಕಳವಳದ ಅಂಕ ಹಾಕಿಸುತ್ತಾರೆ. ಬಾಗಿಲ ಚಿಲಕಕ್ಕೆ 30, ಅಂಗಡಿಯವರು ಕೊಟ್ಟ ಚಿಲ್ಲರೆಗೆ 45, ಹೊರಗೆ ಹಾಕಿ ಬಂದ ಚಪ್ಪಲಿಗೆ 80 ಎಂದಿಟ್ಟುಕೊಳ್ಳಿ. ಶುರು ಚಿಲಕದಿಂದ. ಬೆರಳ ತುದಿ ತಾಗಿಸಿದರೆ ಸಾಲದು, ಅಂಗೈ ಪೂರ್ತಿ ಒತ್ತಿ ಹಿಡಿದು, ಅದೇ ಕೈಯನ್ನು ಸೆರಗಿಗೆ ಸವರಿ, ತೊಳೆಯದೆ ಕೂರಬೇಕು. ಕಳವಳ ಏರುತ್ತದೆ. ಎಷ್ಟೋ ಸಲ ತೊಳೆಯದಿದ್ದರೂ ತಾನಾಗಿ ಇಳಿಯುತ್ತದೆ. ಬೇಗ ಇಳಿಯದಿದ್ದರೂ ‘ತಡಕೊಳ್ಳಬಲ್ಲೆ’ ಎಂಬುದು ಅವರಿಗೆ ತಿಳಿಯುತ್ತದೆ. ಚಿಲಕ ಸಲೀಸಾದ ಮೇಲೆ ಚಿಲ್ಲರೆ. ಸಾಮಾನ್ಯವಾಗಿ 12ರಿಂದ 20 ಭೇಟಿ ಬೇಕು, ಜೊತೆಗೆ ಮನೆಯಲ್ಲಿ ದಿನವೂ ಅಭ್ಯಾಸ. ಕೆಡುವುದು ಕಳ್ಳದಾರಿಗಳಿಂದ: ಮಧ್ಯೆ ಎದ್ದು ಸ್ಯಾನಿಟೈಸರ್ ಹಚ್ಚುವುದು, ಕಳವಳ ಅಡಗಿಸಲು ಮನಸ್ಸಿನಲ್ಲೇ ನಾಮ ಎಣಿಸುವುದು, ‘ಆಮೇಲೆ ತೊಳೆದರಾಯಿತು’ ಎಂದುಕೊಂಡು ಕೂರುವುದು. ಇವೂ ತೊಳೆದಂತೆಯೇ ಲೆಕ್ಕ.

ಇನ್ನು ನಿಮ್ಮ ಪಾಲು. ಆಫೀಸಿನಿಂದ ಬಂದ ಕೂಡಲೇ ಅಮ್ಮನಿಗಾಗಿ ಎಲ್ಲರೂ ಸ್ನಾನ ಮಾಡುತ್ತೀರಿ, ‘ಕೈ ತೊಳೆದ್ಯಾ?’ ಎಂದು ಕೇಳಿದಾಗಲೆಲ್ಲ ಹೂಂ ಅನ್ನುತ್ತೀರಿ ಎಂದು ಬರೆದಿದ್ದೀರಿ. ಮಾಡುವುದು ಪ್ರೀತಿಗೇ, ಆದರೆ ಕಾಯಿಲೆ ಬೆಳೆಯುವುದು ಇದರಿಂದಲೇ. ಹಾಗೆಂದು ನಾಳೆಯೇ ಎಲ್ಲ ನಿಲ್ಲಿಸಿದರೆ ಮನೆ ರಣರಂಗವಾಗುತ್ತದೆ. ಚಿಕಿತ್ಸಕರೆದುರೇ, ಅಮ್ಮ ಒಪ್ಪಿದಂತೆ, ಒಂದೊಂದಾಗಿ ಬಿಡಿ. ಆ ಪ್ರಶ್ನೆಗೆ ಒಂದು ಸಲ ಉತ್ತರ ಕೊಡಿ. ಎರಡನೇ ಸಲ ‘ಅಮ್ಮಾ, ಇದಕ್ಕೆ ಮತ್ತೆ ಉತ್ತರ ಕೊಡಲ್ಲ ಅಂತ ಮಾತಾಡಿಕೊಂಡಿದ್ವಲ್ಲ, ಬಾ, ಜೊತೇಲಿ ಕೂತಿರ್ತೀನಿ’ ಅನ್ನಿ. ದನಿ ಮೆತ್ತಗಿರಲಿ, ಗದರಬೇಡಿ.

ಇಷ್ಟಾದರೂ ಬಗ್ಗದಿದ್ದರೆ ಬೇರೆ ಎಸ್‌ಎಸ್‌ಆರ್‌ಐ (ಸರ್ಟ್ರಲಿನ್ ಗುಂಪಿನ ಮಾತ್ರೆ), ಆಮೇಲೆ ಕ್ಲೋಮಿಪ್ರಮಿನ್ (ಇದಕ್ಕೆ ಇಸಿಜಿ ನೋಡಿಕೊಳ್ಳುತ್ತಾರೆ), ಅಥವಾ ಈಗಿನ ಮಾತ್ರೆಗೇ ಕಡಿಮೆ ಪ್ರಮಾಣದ ಅರಿಪಿಪ್ರಜೋಲ್ ಇಲ್ಲವೇ ರಿಸ್ಪೆರಿಡೋನ್ ಸೇರಿಸುವುದು ಇದೆ. ಕಳವಳ ತಗ್ಗಿಸಿ ನಿದ್ದೆ ತರಿಸುವ ಕ್ಲೋನಜೆಪಾಮ್ ಒಂದನ್ನೇ ನುಂಗಿಸುತ್ತಾ ಕೂತರೆ ಓಸಿಡಿ ಹೋಗುವುದಿಲ್ಲ, ಅಭ್ಯಾಸವಾಗುವ ಅಪಾಯ ಬೇರೆ. ಗುಣ ಕಂಡ ಮೇಲೂ ಒಂದೆರಡು ವರ್ಷ ಮಾತ್ರೆ ಮುಂದುವರಿಸುತ್ತಾರೆ, ಬೇಗ ಬಿಟ್ಟರೆ ಮರುಕಳಿಸುವುದು ಹೆಚ್ಚು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಪ್ರತ್ಯೇಕ ಕ್ಲಿನಿಕ್ ಇದೆ. ದೂರದ ಊರಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಭೇಟಿಗೆ ಒಂದು ವಾರದ ಲೆಕ್ಕ ಬರೆದು ಒಯ್ಯಿರಿ: ದಿನಕ್ಕೆ ಎಷ್ಟು ಗಂಟೆ ತೊಳೆಯುವುದರಲ್ಲಿ ಹೋಗುತ್ತದೆ, ತಡೆದರೆ ಏನಾಗುತ್ತದೆ, ಊಟ ನಿದ್ದೆ ಹೇಗಿದೆ. ಅಮ್ಮ ‘ಬದುಕೇ ಬೇಡ’ ಅಂತೇನಾದರೂ ಅಂದರೆ ಮಾತ್ರ ಆ ಭೇಟಿಯವರೆಗೆ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ.