ಓದುಗರ ಗ್ಯಾರೇಜು: ಹಳೆಯ ಕ್ಯಾಂಪರ್ ವ್ಯಾನಿಗೆ ಹೊಸ ಎದೆ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗಾಡಿಯ ಸುತ್ತ. 1979ರಲ್ಲಿ ಮಾರುಕಟ್ಟೆಗೆ ಬಂದ ಫೋಕ್ಸ್‌ವ್ಯಾಗನ್ ಟಿ3 ಅದು. ಅಮೆರಿಕದಲ್ಲಿ ವ್ಯಾನಗನ್ ಎಂದು ಮಾರಾಟವಾಯಿತು. ಎಂಜಿನ್ ಹಿಂದೆ; ನೀರಿನಿಂದ ತಣಿಯುವ ಮಾದರಿಗಳಲ್ಲಿ ರೇಡಿಯೇಟರ್ ಮುಂದೆ. ವೆಸ್ಟ್‌ಫಾಲಿಯಾ ಕಂಪನಿ ಇದಕ್ಕೆ ಒಲೆ, ಹಾಸಿಗೆ, ಮೇಲೆತ್ತುವ ಚಾವಣಿ ಕೂರಿಸಿ ಕ್ಯಾಂಪರ್ ಮಾಡಿತು. ಅಷ್ಟು ಭಾರಕ್ಕೆ ಮೂಲ ಎಂಜಿನ್ ಸಾಲದು ಎಂಬ ದೂರು ಮೊದಲಿನಿಂದಲೂ ಇದೆ.

ಪ್ರಶ್ನೆ (ಡೆನ್ವರ್): ನಮ್ಮದು 1987ರ ವ್ಯಾನಗನ್ ವೆಸ್ಟ್‌ಫಾಲಿಯಾ, 2.1 ಲೀಟರ್. ಬೆಟ್ಟದ ರಸ್ತೆಯಲ್ಲಿ ಲಾರಿಗಳೂ ನಮ್ಮನ್ನು ದಾಟಿ ಹೋಗುತ್ತವೆ. ಸುಬಾರು ಎಂಜಿನ್ ಹಾಕಿಸಬೇಕೆಂದಿದ್ದೇವೆ. 2.2 ಲೀಟರಿನದು ಸಾಕೋ, 2.5 ಬೇಕೋ ಗೊತ್ತಾಗುತ್ತಿಲ್ಲ.

2.2 ತೆಗೆದುಕೊಳ್ಳಿ. ನಿಮ್ಮ ಈಗಿನ ಎಂಜಿನ್ ಹೊಸದರಲ್ಲಿ ಕೊಡುತ್ತಿದ್ದದ್ದು 95 ಅಶ್ವಶಕ್ತಿ. 1990–94ರ ಸುಬಾರು ಲೆಗಸಿ ಕಾರಿನ 2.2 ಲೀಟರ್ ಎಂಜಿನ್ ಇಜೆ22 ಕೊಡುವುದು 130. ಅದೂ ಅಡ್ಡ ಮಲಗಿದ ನಾಲ್ಕು ಸಿಲಿಂಡರಿನ ಬಾಕ್ಸರ್ ಎಂಜಿನ್ನೇ, ತಿರುಗುವ ದಿಕ್ಕೂ ಫೋಕ್ಸ್‌ವ್ಯಾಗನ್‌ನದ್ದೇ. ಹಾಗಾಗಿ ಗೇರ್‌ಬಾಕ್ಸ್‌ನೊಳಗೆ ಏನನ್ನೂ ಮಗುಚಿ ಹಾಕಬೇಕಾಗಿಲ್ಲ. ಈ ಅವಧಿಯ ಇಜೆ22ರಲ್ಲಿ ಟೈಮಿಂಗ್ ಬೆಲ್ಟ್ ಹರಿದರೂ ವಾಲ್ವ್ ಪಿಸ್ಟನ್‌ಗೆ ಬಡಿಯುವುದಿಲ್ಲ. ಬೆಲ್ಟ್ ಬದಲಿಸಿ ಮುಂದೆ ಹೋಗಬಹುದು.

2.5 ಲೀಟರಿನ ಇಜೆ25, ಅದರಲ್ಲೂ 90ರ ದಶಕದ ಎರಡೆರಡು ಕ್ಯಾಮ್‌ಶಾಫ್ಟಿನದು, ಕಾಗದದ ಮೇಲೆ 165 ಅಶ್ವಶಕ್ತಿ ತೋರಿಸುತ್ತದೆ. ಆದರೆ ಅದರ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವೆ ಸೋರದಂತೆ ಕೂರಿಸುವ ಹಾಳೆ) ಕುಖ್ಯಾತ. ದಹನದ ಅನಿಲ ಕೂಲಂಟಿಗೆ (ಎಂಜಿನ್ ತಣಿಸುವ ದ್ರವಕ್ಕೆ) ನುಸುಳಿ, ಟ್ಯಾಂಕಿನಲ್ಲಿ ಗುಳ್ಳೆ ಎದ್ದು, ಏರಿನಲ್ಲಿ ಬಿಸಿಯೇರುತ್ತದೆ. ಕಾರಿನಲ್ಲೇ ಹೀಗಾದರೆ, ಹಿಂದಿನಿಂದ ಮುಂದಿನ ರೇಡಿಯೇಟರಿಗೆ ಉದ್ದನೆಯ ಪೈಪುಗಳಿರುವ ವ್ಯಾನಿನಲ್ಲಿ ತೊಂದರೆ ಹೆಚ್ಚು. ಹಟ ಹಿಡಿದು 2.5 ಹಾಕಿಸುವುದಾದರೆ ಹೆಡ್‌ಗಳನ್ನು ಬಿಚ್ಚಿ ಸಮತಟ್ಟು ಮಾಡಿಸಿ, ಹಲವು ಪದರದ ಉಕ್ಕಿನ ಗ್ಯಾಸ್ಕೆಟ್ ಹಾಕಿಸಿಯೇ ಎಂಜಿನ್ ಏರಿಸಿ.

ಎಂಜಿನ್ ನೆಲದ ಮೇಲಿರುವಾಗಲೇ ಮಾಡಿ ಮುಗಿಸಬೇಕಾದ ಕೆಲಸಗಳಿವೆ. ಟೈಮಿಂಗ್ ಬೆಲ್ಟ್ ಜೊತೆಗೆ ಐಡ್ಲರ್ ಚಕ್ರಗಳು ಮತ್ತು ವಾಟರ್ ಪಂಪ್, ಕ್ಯಾಮ್ ಹಾಗೂ ಕ್ರ್ಯಾಂಕ್ ಸೀಲ್‌ಗಳು ಹೊಸವಾಗಲಿ. ಆಯಿಲ್ ಪಂಪಿನ ಹಿಂಬದಿ ತಟ್ಟೆಯ ಸ್ಕ್ರೂಗಳು ತಾವಾಗಿ ಸಡಿಲವಾಗುವ ಚಾಳಿಯವು. ಪಂಪ್ ತೆಗೆದು ಲಾಕ್ ಅಂಟು ಹಾಕಿ ಬಿಗಿಯಿರಿ. ಫ್ಲೈವೀಲ್ ಹಿಂದಿನ ಪ್ಲಾಸ್ಟಿಕ್ ಸೆಪರೇಟರ್ ತಟ್ಟೆ ಬಾಗಿ ಎಣ್ಣೆ ಜಿನುಗುತ್ತದೆ. ಲೋಹದ್ದು ಸಿಗುತ್ತದೆ, ಅದನ್ನೇ ಹಾಕಿ. ಇವನ್ನೆಲ್ಲ ಬಿಟ್ಟು ಎಂಜಿನ್ ಕೂರಿಸಿದರೆ ಮತ್ತೆ ಇಳಿಸುವ ಕೂಲಿ ಕೈಯಿಂದ ಹೋಗುತ್ತದೆ.

ಜೋಡಿಸಲು ಬೇಕಾದವು: ಸುಬಾರು ಬ್ಲಾಕಿಗೂ ಫೋಕ್ಸ್‌ವ್ಯಾಗನ್ (ವಿಡಬ್ಲ್ಯೂ) ಗೇರ್‌ಬಾಕ್ಸಿಗೂ ನಡುವಿನ ಅಡಾಪ್ಟರ್ ತಟ್ಟೆ, ಅದಕ್ಕೆ ಹೊಂದುವ ಫ್ಲೈವೀಲ್, 228 ಮಿ.ಮೀ. ಕ್ಲಚ್, ಸುಬಾರುಗೆಂದೇ ಮಾಡಿದ ಎಂಜಿನ್ ಹೊರುವ ಅಡ್ಡಪಟ್ಟಿ, ಗಿಡ್ಡ ಆಯಿಲ್ ಪ್ಯಾನ್. ಸ್ಟಾರ್ಟರ್ ಗೇರ್‌ಬಾಕ್ಸ್ ಮೇಲಿರುವುದರಿಂದ ವ್ಯಾನಿನದ್ದೇ ಉಳಿಯುತ್ತದೆ. ಮೂಲ ಸುಬಾರು ಪ್ಯಾನ್ ತುಂಬಾ ಕೆಳಗೆ ಜೋತುಬೀಳುತ್ತದೆ, ಒಂದು ಕಲ್ಲು ತಗುಲಿದರೆ ಎಣ್ಣೆಯೆಲ್ಲ ರಸ್ತೆಗೆ. ಪ್ಯಾನ್ ಗಿಡ್ಡ ಮಾಡಿದರೆ ಎಣ್ಣೆ ಹೀರುವ ಕೊಳವೆಯನ್ನೂ ಗಿಡ್ಡ ಮಾಡಬೇಕು. ಕೊಳವೆಯ ಬಾಯಿಗೂ ಪ್ಯಾನಿನ ತಳಕ್ಕೂ ನಡುವೆ 8–10 ಮಿ.ಮೀ. ಇರಲಿ. ಕಮ್ಮಿಯಾದರೆ ಹೀರಲು ಕಷ್ಟ, ಹೆಚ್ಚಾದರೆ ತಿರುವಿನಲ್ಲಿ ಗಾಳಿ ಎಳೆದುಕೊಂಡು ಬೇರಿಂಗ್ ಸುಡುತ್ತದೆ. ಎಕ್ಸಾಸ್ಟ್ ಕೊಳ್ಳುವ ಮುನ್ನ ನಿಮ್ಮ ಹೆಡ್ಡಿನ ಒಂದೊಂದು ಬದಿಗೆ ಒಂದು ರಂಧ್ರವಿದೆಯೋ ಎರಡೋ ನೋಡಿ. ವರ್ಷದ ಮೇಲೆ ಬದಲಾಗುತ್ತದೆ.

ಇಂಧನದ ಪಂಪ್ ಬದಲಿಸಬೇಕಿಲ್ಲ, ವ್ಯಾನಿನದ್ದೇ ಸಾಕು. ಆದರೆ ಇಂಧನದ ರಬ್ಬರ್ ಹೋಸ್‌ಗಳನ್ನು ಒಂದೂ ಬಿಡದೆ ಬದಲಿಸಿ, ಇಂಜೆಕ್ಷನ್ ಒತ್ತಡಕ್ಕೆಂದೇ ತಯಾರಾದದ್ದನ್ನೇ ಹಾಕಿ. ಟಿ3ಗಳಲ್ಲಿ ಎಂಜಿನ್ ಕೋಣೆಗೆ ಬೆಂಕಿ ಬೀಳಲು ಬಿರುಕುಬಿಟ್ಟ ಹೋಸ್ ಮುಖ್ಯ ಕಾರಣ.

ಪ್ರಶ್ನೆ (ಫೀನಿಕ್ಸ್): ಇಜೆ22 ಹಾಕಿಸಿ ಓಡಿಸುತ್ತಿದ್ದೇವೆ. ಶಕ್ತಿಗೇನೂ ಕೊರತೆಯಿಲ್ಲ. ಆದರೆ ಟೆಂಪರೇಚರ್ ಮುಳ್ಳು ಉಯ್ಯಾಲೆಯಾಡುತ್ತದೆ, ಒಮ್ಮೊಮ್ಮೆ ಕೆಂಪಿಗೆ ಹೋಗಿ ಮತ್ತೆ ಇಳಿಯುತ್ತದೆ. ಹೀಟರ್ ಹಾಕಿದರೆ ಸರಿಹೋಗುತ್ತದೆ! ರೇಡಿಯೇಟರ್ ಹೊಸದೇ.

ಹೀಟರ್ ಹಾಕಿದರೆ ಸರಿಹೋಗುತ್ತದೆ ಎಂಬ ನಿಮ್ಮ ಮಾತಿನಲ್ಲೇ ಉತ್ತರ ಇದೆ. ರೇಡಿಯೇಟರಿಗೆ ಇನ್ನು ಹಣ ಹಾಕಬೇಡಿ.

ಸುಬಾರುನ ಥರ್ಮೋಸ್ಟ್ಯಾಟ್ ಇರುವುದು ನೀರು ಹೊರಹೋಗುವ ಕಡೆಯಲ್ಲ, ಒಳಬರುವ ಕಡೆ, ವಾಟರ್ ಪಂಪಿನ ಬಾಯಲ್ಲಿ. ಅದು ಸುಮಾರು 78 ಡಿಗ್ರಿಗೆ ತೆರೆಯತೊಡಗುತ್ತದೆ. ಎಂಜಿನ್ ಬಿಸಿಯಾಗಿದೆ ಎಂದು ಅದಕ್ಕೆ ತಿಳಿಯಬೇಕಾದರೆ ಎಂಜಿನ್ನಿನಿಂದ ಹೊರಟ ಬಿಸಿನೀರು ಸದಾ ಅದರ ಒಳಮುಖಕ್ಕೆ ಹರಿದು ಬರುತ್ತಿರಬೇಕು. ಲೆಗಸಿ ಕಾರಿನಲ್ಲಿ ಆ ಹರಿವು ಬರುವುದು ಹೀಟರ್ ಸುತ್ತಿನಿಂದ. ಅಲ್ಲಿ ಹೀಟರಿಗೆ ವಾಲ್ವ್ ಇಲ್ಲ, ನೀರು ಯಾವಾಗಲೂ ಓಡುತ್ತಿರುತ್ತದೆ. ವ್ಯಾನಗನ್‌ನಲ್ಲಿ ಹೀಟರ್ ವಾಲ್ವ್ ಇದೆ. ನೀವು ಬೇಸಿಗೆಯಲ್ಲಿ ಅದನ್ನು ಮುಚ್ಚಿದೊಡನೆ ಆ ದಾರಿ ಕಟ್ಟಾಯಿತು. ಥರ್ಮೋಸ್ಟ್ಯಾಟ್ ತಣ್ಣಗಿನ ನಿಂತ ನೀರಿನಲ್ಲಿ ಕೂತು ಮುಚ್ಚಿಕೊಂಡಿರುತ್ತದೆ, ಅತ್ತ ಹೆಡ್ ಕುದಿಯುತ್ತದೆ. ಕೊನೆಗೆ ಹೇಗೋ ಬಿಸಿ ತಲುಪಿ ತೆರೆದರೆ, ಮುಂದಿನ ರೇಡಿಯೇಟರಿನಿಂದ ತಣ್ಣೀರಿನ ದೊಡ್ಡ ಅಲೆ ಬಂದು ಅದನ್ನು ಮತ್ತೆ ಮುಚ್ಚುತ್ತದೆ. ಮುಳ್ಳಿನ ಉಯ್ಯಾಲೆ ಇದೇ.

ಮದ್ದು: ಮೇಲಿನ ಕೂಲಂಟ್ ಅಡ್ಡಕೊಳವೆಯಿಂದ ಹೊರಡುವ ಹೀಟರ್ ಹೋಸಿಗೂ, ಥರ್ಮೋಸ್ಟ್ಯಾಟ್ ಹಿಂದೆ ಪಂಪಿಗೆ ಸೇರುವ ಹೀಟರ್ ವಾಪಸು ಹೋಸಿಗೂ ನಡುವೆ ಟಿ ಆಕಾರದ ಜೋಡುಕೊಳವೆಗಳನ್ನು ಹಾಕಿ, ವಾಲ್ವ್ ಇಲ್ಲದ ಒಂದು ಬೈಪಾಸ್ (ಅಡ್ಡದಾರಿ) ಹೋಸ್ ಕೊಡಿ. ಅದು ಹೀಟರ್ ಹೋಸ್‌ಗಿಂತ ಸಣ್ಣದಿರಲಿ. ದಪ್ಪವಿದ್ದರೆ ನೀರು ಸುಲಭದ ದಾರಿ ಹಿಡಿದು ಮುಂದಿನ ಹೀಟರ್ ಬಿಸಿಯಾಗದು. ಥರ್ಮೋಸ್ಟ್ಯಾಟ್ ಸುಬಾರುನ ಅಸಲಿಯೇ ಆಗಿರಲಿ, ಅಗ್ಗದ್ದರ ಬಾಯಿ ಚಿಕ್ಕದು. ಥರ್ಮೋಸ್ಟ್ಯಾಟನ್ನೇ ತೆಗೆದು ಎಸೆಯಿರಿ ಎಂಬ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಎಂಜಿನ್ ಸದಾ ತಣ್ಣಗಿದ್ದು, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅದಕ್ಕೆ ಇಂಧನ ಹೆಚ್ಚಾಗಿ ಸುರಿಯುತ್ತಲೇ ಇರುತ್ತದೆ.

ಇದಾದ ಮೇಲೂ ತೊಂದರೆ ಉಳಿದರೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಈ ವ್ಯಾನಿನ ಸುತ್ತಿನಲ್ಲಿ 16–17 ಲೀಟರ್ ಕೂಲಂಟ್ ಇದೆ, ಗಾಳಿಗೆ ಅವಿತುಕೊಳ್ಳಲು ಜಾಗ ಬೇಕಾದಷ್ಟು. ಗಾಡಿಯ ಮುಂಭಾಗವನ್ನು ಸುಮಾರು 40 ಸೆಂ.ಮೀ. ಎತ್ತಿ ನಿಲ್ಲಿಸಿ, ಹೀಟರ್ ವಾಲ್ವ್‌ಗಳನ್ನು ಪೂರ್ತಿ ತೆರೆಯಿರಿ. ಗ್ರಿಲ್ ತೆಗೆದು ರೇಡಿಯೇಟರ್ ಮೇಲಿನ ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ಸ್ಕ್ರೂ) ಸಡಿಲಿಸಿ. ಎಂಜಿನ್ನನ್ನು 2000 ಆರ್‌ಪಿಎಮ್ ಆಸುಪಾಸು ಹಿಡಿದು ಟ್ಯಾಂಕಿಗೆ ತುಂಬುತ್ತ ಬನ್ನಿ. ಗುಳ್ಳೆಯಿಲ್ಲದ ಧಾರೆ ಬಂದಾಗ ಸ್ಕ್ರೂ ಬಿಗಿಯಿರಿ. ಎಂಜಿನ್ನಿನ ಅತಿ ಎತ್ತರದ ಕೂಲಂಟ್ ಬಿಂದುವಿನಿಂದ ಒತ್ತಡದ ಟ್ಯಾಂಕಿನ ಮೇಲ್ಭಾಗಕ್ಕೆ ಒಂದು ಸಣ್ಣ ಹೋಸ್ ಇರಲೇಬೇಕು. ಎಷ್ಟೋ ಜೋಡಣೆಗಳಲ್ಲಿ ಬಿಟ್ಟುಹೋಗುವುದು ಇದೇ.

ಇನ್ನೊಂದು. ಡ್ಯಾಶ್‌ಬೋರ್ಡಿನ ಮುಳ್ಳು ನಂಬಬೇಕಾದರೆ ಅದಕ್ಕೆ ವಿಡಬ್ಲ್ಯೂ ಸೆನ್ಸರೇ ಬೇಕು. ಸುಬಾರುನ ಒಂಟಿ ತಂತಿಯ ಸೆನ್ಸರಿಗೆ ಜೋಡಿಸಿದ್ದರೆ ಅದು ಹೇಳುವುದೆಲ್ಲ ಸುಳ್ಳು.

ಪ್ರಶ್ನೆ (ಸ್ಯಾನ್ ಹೋಸೆ): ವೇಗ ಇಳಿಸಿ ಸಿಗ್ನಲ್ಲಿಗೆ ಬರುವಾಗ ಎಂಜಿನ್ ಆರಿಹೋಗುತ್ತದೆ. ಚೆಕ್ ಎಂಜಿನ್ ದೀಪ ಕೋಡ್ 33 ತೋರಿಸುತ್ತದೆ.

33 ಎಂದರೆ ವೇಗದ ಸಂಕೇತ ಇಸಿಯುಗೆ ತಲುಪುತ್ತಿಲ್ಲ. ಲೆಗಸಿಯಲ್ಲಿ ಅದು ಸ್ಪೀಡೋಮೀಟರ್‌ನಿಂದ ಬರುತ್ತಿತ್ತು, ನಿಮ್ಮ ವ್ಯಾನಿನಲ್ಲಿ ಅದನ್ನು ಕೊಡುವವರಿಲ್ಲ. ಗಾಡಿ ಉರುಳುತ್ತಿದೆಯೋ ನಿಂತಿದೆಯೋ ತಿಳಿಯದೆ ಇಸಿಯು ಐಡಲ್ ಗಾಳಿಯನ್ನು ಹಿಡಿದಿಡಲು ತಪ್ಪುತ್ತದೆ. ವ್ಯಾನಿನ ಸ್ಪೀಡೋಮೀಟರ್ ಹಿಂಬದಿಗೆ ಕೂರಿಸುವ ಸಣ್ಣ ಸೆನ್ಸರ್ ಈ ಕೆಲಸಕ್ಕೆಂದೇ ಸಿಗುತ್ತದೆ.

ವೈರಿಂಗ್ ಬಿಚ್ಚಿ ನೋಡುವಾಗ ಇವನ್ನೂ ಪರೀಕ್ಷಿಸಿ. ಹಸಿರು ಪರೀಕ್ಷಾ ಕನೆಕ್ಟರ್‌ಗಳು ಒಂದಕ್ಕೊಂದು ಸೇರಿಕೊಂಡಿರಬಾರದು. ಸೇರಿದ್ದರೆ ಪಂಪ್, ರಿಲೇಗಳು ಟಕಟಕ ಎನ್ನುತ್ತವೆ. ಇಸಿಯುಗೆ ಎರಡು ವಿದ್ಯುತ್ ಬೇಕು: ಬ್ಯಾಟರಿಯಿಂದ ನೇರವಾಗಿ ನೆನಪಿಗೆ ಒಂದು, ಕೀ ತಿರುಗಿಸಿದಾಗ ಮೇನ್ ರಿಲೇ ಮೂಲಕ ಇನ್ನೊಂದು. ಆಲ್ಟರ್ನೇಟರಿನ ದೀಪದ ತಂತಿ ವ್ಯಾನಿನ ನೀಲಿ ತಂತಿಗೆ ಹೋಗಬೇಕು, ಇಲ್ಲದಿದ್ದರೆ ಚಾರ್ಜ್ ಶುರುವಾಗುವುದೇ ಇಲ್ಲ. ಅರ್ತಿಂಗ್ ಎಂಜಿನ್ನಿಗೂ ಬಾಡಿಗೂ ಬೇರೆಬೇರೆ, ದಪ್ಪ ತಂತಿಯಲ್ಲಿ.

ನೀವು ಕ್ಯಾಲಿಫೋರ್ನಿಯಾದವರಾದ್ದರಿಂದ ಕಾಗದದ ಮಾತೂ ಸೇರಿಸುತ್ತೇವೆ. ವ್ಯಾನಿನ ಮಾದರಿ ವರ್ಷಕ್ಕಿಂತ ಎಂಜಿನ್ ಹಳೆಯದಾಗಿರಬಾರದು. 1991ರ ವ್ಯಾನಗನ್‌ಗೆ 1990ರ ಲೆಗಸಿಯ ಎಂಜಿನ್ ಹಾಕಿದರೆ, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಪಾಸಾಗದು. ಎಂಜಿನ್ ತೆಗೆದ ಕಾರಿನಲ್ಲಿದ್ದ ಹೊಗೆ ಶುದ್ಧಿಯ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್, ಪೆಟ್ರೋಲ್ ಆವಿ ಹೀರುವ ಇದ್ದಿಲಿನ ಡಬ್ಬಿ ಎಲ್ಲವೂ ಜೊತೆಗೆ ಬರಬೇಕು. ಆಮೇಲೆ ಸ್ಮಾಗ್ (ಹೊಗೆ) ತಪಾಸಣೆಯ ಅಧಿಕೃತ ರೆಫರಿಯ ಬಳಿ ತೋರಿಸಿ, ಎಂಜಿನ್ ಕೋಣೆಗೆ ಅವರು ಅಂಟಿಸುವ ಚೀಟಿ ಪಡೆಯಿರಿ. ಅದಿದ್ದರೆ ಮುಂದಿನ ಸ್ಮಾಗ್ ತಪಾಸಣೆಗಳು ಸಲೀಸು.

ಪ್ರಶ್ನೆ (ಬ್ರಿಸ್ಟಲ್): ಗೇರ್‌ಬಾಕ್ಸ್ ತಡೆದುಕೊಳ್ಳುತ್ತದೆಯೇ?

2.2ಕ್ಕೆ ತಡೆಯುತ್ತದೆ, ಕಾಲು ಹಗುರವಾಗಿದ್ದರೆ. ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಮೂರು–ನಾಲ್ಕರ ಹಬ್ ಮೊದಲು ಸವೆಯುತ್ತದೆ. 0.85 ನಾಲ್ಕನೇ ಗೇರ್, 4.86 ಕೊನೆಯ ಅನುಪಾತ, 185/14 ಟೈರ್ ಇರುವ ವ್ಯಾನ್ 100 ಕಿ.ಮೀ. ವೇಗಕ್ಕೆ 3450 ಆರ್‌ಪಿಎಮ್ ಆಸುಪಾಸು ತಿರುಗುತ್ತದೆ. ಪೆಟ್ಟಿಗೆ ಹೇಗೂ ಬಿಚ್ಚಿದ್ದರೆ ನಾಲ್ಕನೆಯದನ್ನು 0.77 ಮಾಡಿಸಿ, 3150ಕ್ಕೆ ಇಳಿಯುತ್ತದೆ, ಸದ್ದೂ ತಗ್ಗುತ್ತದೆ. ಗೇರ್ ಎಣ್ಣೆ ಜಿಎಲ್-4 ದರ್ಜೆಯದ್ದು ಮಾತ್ರ. ಜಿಎಲ್-5ರಲ್ಲಿರುವ ಗಂಧಕದ ರಾಸಾಯನಿಕ ಗೇರ್ ನಯವಾಗಿ ಬೀಳಿಸುವ ಸಿಂಕ್ರೋ ಉಂಗುರಗಳ ಹಿತ್ತಾಳೆಯನ್ನು ತಿನ್ನಬಲ್ಲದು.

ಎಂಜಿನ್ ನಂಬರ್, ಸಿಸಿ ಬದಲಾದದ್ದನ್ನು ರಸೀದಿ ಸಮೇತ ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಗೆ ತಿಳಿಸಿ ವಿ5ಸಿ (ನೋಂದಣಿ ಪತ್ರ) ತಿದ್ದಿಸಿ, ವಿಮೆಯವರಿಗೂ ಹೇಳಿ. ಹೇಳದಿದ್ದರೆ ಅಪಘಾತದ ದಿನ ಪಾಲಿಸಿ ಕೈಕೊಡುತ್ತದೆ.

ಪ್ರಶ್ನೆ (ಸ್ಟುಟ್‌ಗಾರ್ಟ್): 1988ರ ಟಿ3, 1.6 ಟರ್ಬೊ ಡೀಸೆಲ್, 70 ಪಿಎಸ್ (ಅಶ್ವಶಕ್ತಿಯ ಯೂರೋಪಿನ ಅಳತೆ). ಗಾಲ್ಫ್ ಅಥವಾ ಪಸಾಟ್‌ನ 1.9 ಟಿಡಿಐ (ಟರ್ಬೊ ಡೀಸೆಲ್) ಎಂಜಿನ್ ನೇರ ಕೂರುತ್ತದೆಯೇ?

ನೇರ ಕೂರುವುದಿಲ್ಲ. ಟಿ3ಯಲ್ಲಿ ಡೀಸೆಲ್ ಎಂಜಿನ್ 50 ಡಿಗ್ರಿ ವಾಲಿ ಮಲಗಿರುತ್ತದೆ. ಗಾಲ್ಫ್, ಪಸಾಟ್‌ನ ಟಿಡಿಐ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಆದ್ದರಿಂದ ನಿಮ್ಮ ಹಳೆಯ ಎಂಜಿನ್ನಿನ ಆಯಿಲ್ ಪ್ಯಾನ್, ಹೀರುವ ಕೊಳವೆ, ಡಿಪ್‌ಸ್ಟಿಕ್, ಫಿಲ್ಟರ್ ಬ್ರಾಕೆಟ್, ಎಂಜಿನ್ ಮೌಂಟ್‌ಗಳನ್ನು ಎಸೆಯಬೇಡಿ. ಇವೆಲ್ಲ ಹೊಸದಕ್ಕೆ ಹೋಗಬೇಕು. ಟರ್ಬೊದಿಂದ ಎಣ್ಣೆ ತನ್ನ ಭಾರದಿಂದಲೇ ಕೆಳಗಿಳಿಯಬೇಕು. ವಾಲಿಸಿದಾಗ ಆ ಕೊಳವೆ ಸಮಮಟ್ಟಕ್ಕೆ ಬಂದರೆ ಎಣ್ಣೆ ನಿಂತು, ಸೀಲ್ ದಾಟಿ ನೀಲಿ ಹೊಗೆ. ಇಂಟರ್‌ಕೂಲರಿಗೆ ಗಾಳಿ ಸಿಗುವ ಜಾಗ ಹಿಂದೆ ಕಡಿಮೆ, ಬದಿಯ ಗಾಳಿಗಿಂಡಿಯ ಬಳಿ ಕೂರಿಸಿ. 110 ಪಿಎಸ್‌ನ ಎಎಫ್‌ಎನ್ ಆದರೆ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಬೀಗ) ತೊಡಕು ಇರುತ್ತದೆ, ಇಸಿಯು ಜೊತೆ ಅದರ ಕೀ ಮತ್ತು ಡಬ್ಬಿಯನ್ನೂ ಕೇಳಿ ಪಡೆಯಿರಿ. ಎಲೆಕ್ಟ್ರಾನಿಕ್ಸ್ ಬೇಡವೇ ಬೇಡ ಎಂದರೆ 75 ಪಿಎಸ್‌ನ ಎಎಝಡ್ ಎಂಬ ಎಂಜಿನ್ ಇದೆ. ಪಂಪ್ ಯಾಂತ್ರಿಕ, ಆದರೆ 5 ಪಿಎಸ್ ಏರಿಕೆಗೆ ಇಷ್ಟೊಂದು ಖರ್ಚೇ ಎಂಬುದು ನಮ್ಮ ಅನುಮಾನ.

ಒಂದು ಬೋಲ್ಟ್ ಸಡಿಲಿಸುವ ಮುಂಚೆ ಟ್ಯುಫ್ (ಜರ್ಮನಿಯ ವಾಹನ ತಪಾಸಣೆ ಸಂಸ್ಥೆ) ಪರೀಕ್ಷಕರನ್ನು ಕಾಣಿ. ಅಲ್ಲಿನ ವಾಹನ ನಿಯಮಗಳ ಪ್ಯಾರಾ 21ರ ಪ್ರಕಾರ ಪ್ರತ್ಯೇಕ ಅನುಮೋದನೆ ಬೇಕು, ಬ್ರೇಕನ್ನೂ ಕೇಳುತ್ತಾರೆ. ಪಾರಂಪರಿಕ ಹಳೆಯ ಗಾಡಿಗಳಿಗೆ ಕೊಡುವ ಎಚ್ ನಂಬರ್ ಪ್ಲೇಟಿದ್ದರೆ ನಗರದ ಪರಿಸರ ವಲಯದೊಳಗೆ ಹೋಗಬಹುದು. ಆದರೆ ಬದಲಾವಣೆ ಗಾಡಿಯ ಮೊದಲ ಹತ್ತು ವರ್ಷಗಳಲ್ಲಿ ಆಗಬಹುದಾಗಿದ್ದ ಬಗೆಯದ್ದಾಗಿರಬೇಕು. ಆ ಪ್ಲೇಟ್ ಕಳೆದುಕೊಂಡರೆ ನಿಮ್ಮೂರಲ್ಲೇ ಹಳೆಯ ಡೀಸೆಲ್‌ಗೆ ರಸ್ತೆಯಿಲ್ಲ.

ಪ್ರಶ್ನೆ (ಹುಬ್ಬಳ್ಳಿ): ಹಳೆಯ ಟೆಂಪೊ ಟ್ರಾವೆಲರ್ ಕ್ಯಾಂಪರ್ ಮಾಡಿದ್ದೇವೆ. ಬೇರೆ ಕಂಪನಿಯ ದೊಡ್ಡ ಎಂಜಿನ್ ಹಾಕಬಹುದೇ?

ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡಿ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಆಗದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ ಹಾಕಿಸಿ ಆರ್‌ಟಿಒದಲ್ಲಿ ಹೊಸ ನಂಬರ್ ಆರ್‌ಸಿಗೆ ಬರೆಸಿಕೊಳ್ಳುವ ದಾರಿ ಇದೆ.

ನಿಮ್ಮದು ಮರ್ಸಿಡಿಸ್ ಓಎಂ616 ಮೂಲದ ಹಳೆಯ 2.4 ಲೀಟರಿನದ್ದಾದರೆ ಮೊದಲು ಕಂಪ್ರೆಶನ್ ನೋಡಿಸಿ. ಹೊಸದರಲ್ಲಿ 22–24 ಬಾರ್, 15ಕ್ಕಿಂತ ಕೆಳಗಿಳಿದಿದ್ದರೆ ಅಥವಾ ಸಿಲಿಂಡರ್‌ಗಳ ನಡುವೆ 3 ಬಾರ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಂಜಿನ್ ಬಿಚ್ಚಲೇಬೇಕು. ಕಂಪ್ರೆಶನ್ ಸರಿಯಿದ್ದರೆ ನಾಝಲ್ ಬದಲಿಸಿ, ಪಂಪ್ ಕ್ಯಾಲಿಬ್ರೇಶನ್ ಮಾಡಿಸಿ, ಏರ್ ಫಿಲ್ಟರ್ ಕೊಳವೆ ಎಲ್ಲಾದರೂ ಕುಸಿದಿದೆಯೇ ನೋಡಿ. ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚು ಬಿಡುವುದು ಮಾತ್ರ ಬೇಡ: ಕಪ್ಪು ಹೊಗೆ ಬರುತ್ತದೆ, ಏರಿನಲ್ಲಿ ಪಿಸ್ಟನ್ ಸುಡುತ್ತದೆ.